ಆಳದ ಮೀನಿಗೆ ಕೊಯಮತ್ತೂರಿನಲ್ಲೇನು ಕೆಲಸ?

ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಮನೆಯೊಳಗೆ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರ ನಡುವೆ ಒಂದು ಮಾತು ವೇದವಾಕ್ಯದ ಹಾಗೆ ಓಡಾಡುತ್ತಿದೆ. ಸಾಕಲಾಗದ ಮೀನು ಅಂತ ಯಾವುದೂ ಇಲ್ಲ, ಸಾಕಲು ಬಾರದವರು ಮಾತ್ರ ಇದ್ದಾರೆ ಎಂಬುದೇ ಆ ಮಾತು. ಕೊಳೆ ತೆಗೆಯುವ ಒಳ್ಳೆಯ ಸ್ಕಿಮ್ಮರ್ ಹಾಕಿ, ನೀರು ತಣಿಸುವ ಚಿಲ್ಲರ್ ಕೂಡಿಸಿ, ಆರ್‌ಒ ನೀರಿಗೆ ಬೆಲೆಬಾಳುವ ಉಪ್ಪು ಬೆರೆಸಿ, ಒಂದಿಷ್ಟು ತಾಳ್ಮೆ ಇಟ್ಟುಕೊಳ್ಳಿ. ಆಮೇಲೆ ನೂರು ಮೀಟರ್ ಆಳದ ಮೀನೂ ನಿಮ್ಮ ಹಾಲ್‌ನಲ್ಲಿ ಹಾಯಾಗಿ ಓಡಾಡಿಕೊಂಡಿರುತ್ತದಂತೆ. ಕೇಳಿದವರು ತಲೆದೂಗುತ್ತಾರೆ. ಯಾಕೆ ತಲೆದೂಗಬಾರದು? ಪಂಪು, ಮೋಟಾರು ಮಾಡಿ ದೇಶಕ್ಕೆಲ್ಲ ಕಳಿಸಿದ ಊರಿದು. ವೆಟ್ ಗ್ರೈಂಡರಿಗೂ ಭೌಗೋಳಿಕ ಗುರುತಿನ ಹಕ್ಕು ಪಡೆದ ಊರು. ಯಂತ್ರ ಸರಿಯಿದ್ದರೆ ಕೆಲಸ ಆಗಲೇಬೇಕು ಎಂಬ ನಂಬಿಕೆ ಇಲ್ಲಿನವರಿಗೆ ಹುಟ್ಟಿನಿಂದಲೇ ಬಂದದ್ದು.

ಮೋಟಾರಿನ ವಿಷಯದಲ್ಲಿ ಆ ನಂಬಿಕೆ ನಿಜ. ಮೀನಿನ ವಿಷಯದಲ್ಲಿ ಅದು ಸುಳ್ಳು, ಅದೂ ಕೊಲ್ಲುವ ಸುಳ್ಳು. ಅದನ್ನು ಹೇಳುವವರಿಗೆ ಗೌರವ ಸಿಗುತ್ತದೆ, ಅಂಗಡಿಗೆ ವ್ಯಾಪಾರವಾಗುತ್ತದೆ, ಸಾಯುವುದು ಮಾತ್ರ ಮೀನು. ಮೂವರಲ್ಲಿ ಇಬ್ಬರಿಗೆ ಲಾಭ ತರುವ ಸುಳ್ಳಿಗೆ ಆಯಸ್ಸು ಜಾಸ್ತಿ.

ಒಂದೇ ಮೀನನ್ನು ಹಿಡಿದು ಮಾತಾಡೋಣ. ವೆಂಟ್ರಾಲಿಸ್ ಆಂಥಿಯಾಸ್. ಶಾಂತ ಸಾಗರದ್ದು, ಒಂದು ಬೆರಳುದ್ದದ ಮೀನು. ಹವಳದ ದಿಬ್ಬ ಕಡಿದಾಗಿ ಕೆಳಗಿಳಿಯುವ ಕಡೆ, ಸಾಮಾನ್ಯವಾಗಿ ನಲವತ್ತು ಮೀಟರಿಗಿಂತ ಕೆಳಗೆ, ಕೆಲವು ಕಡೆ ನೂರು ಮೀಟರ್ ದಾಟಿಯೂ ಇದರ ವಾಸ. ಗಂಡಿನ ಮೈಮೇಲೆ ಗುಲಾಬಿ, ನೇರಳೆ, ಹಳದಿ, ಕಿತ್ತಳೆ ಒಟ್ಟಿಗೆ ಮಿಂಚುತ್ತವೆ. ಫೋಟೋ ನೋಡಿದವನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆದರೆ ಆ ಬಣ್ಣ ಅಲ್ಲಿ ಯಾಕಿದೆ ಎಂದು ಜೇಬಿಗೆ ಕೈ ಹಾಕಿದವರು ಕೇಳಿದ್ದಾರೆಯೇ? ಬಿಸಿಲಿನ ಕೆಂಪು ಪಾಲನ್ನು ಕಡಲಿನ ನೀರು ಮೊದಲ ಹತ್ತು ಮೀಟರಿನಲ್ಲೇ ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಅರವತ್ತು, ಎಂಬತ್ತು ಮೀಟರ್ ಕೆಳಗೆ ಉಳಿಯುವುದು ಮಬ್ಬು ನೀಲಿ ಮಾತ್ರ. ಅಲ್ಲಿ ಕೆಂಪು ಮೈ ಕೆಂಪಾಗಿ ಕಾಣುವುದಿಲ್ಲ. ಬೂದಾಗಿ, ಕಪ್ಪಾಗಿ ನೆರಳಿನಲ್ಲಿ ಕರಗಿಹೋಗುತ್ತದೆ. ಅಂದರೆ ನಾವು ಮರುಳಾದ ಆ ಗುಲಾಬಿ, ಆ ಕಿತ್ತಳೆ ಮೀನಿಗೆ ಅಡಗಿಕೊಳ್ಳಲು ಇದ್ದ ಬಟ್ಟೆ. ಅದನ್ನು ತಂದು ಎಲ್‌ಇಡಿ ದೀಪದಡಿ ಬಿಡುತ್ತೇವೆ. ತಲೆಮರೆಸಿಕೊಂಡಿದ್ದವನನ್ನು ಎಳೆದುತಂದು ಮದುವೆ ಮಂಟಪದ ಫ್ಲಡ್‌ಲೈಟಿನ ಕೆಳಗೆ ನಿಲ್ಲಿಸಿದ ಹಾಗೆ. ಮೀನು ಬಂಡೆಯ ಸಂದಿಗೆ ನುಗ್ಗಿ ಹೊರಗೆ ಬರದಿದ್ದರೆ ‘ಇನ್ನೂ ನಾಚಿಕೆ ಬಿಟ್ಟಿಲ್ಲ’ ಎನ್ನುತ್ತೇವೆ!

ದೀಪ ತಗ್ಗಿಸಬಹುದಲ್ಲ ಎನ್ನುತ್ತೀರಿ. ತಗ್ಗಿಸಿ ನೋಡಿ. ಅದೇ ಟ್ಯಾಂಕಿನಲ್ಲಿ ನೀವಿಟ್ಟಿರುವುದು ತೆಳುನೀರಿನ ಹವಳ. ಅದರ ಮೈಯೊಳಗೆ ಪಾಚಿ ಕಣಗಳಿವೆ, ಅವುಗಳಿಗೆ ಬೆಳಕೇ ಅನ್ನ. ದೀಪ ತಗ್ಗಿಸಿದರೆ ಹವಳ ಸೊರಗುತ್ತದೆ, ಏರಿಸಿದರೆ ಮೀನು ಸೊರಗುತ್ತದೆ. ನೀರು ಆಳಕ್ಕೆ ಇಳಿದಷ್ಟೂ ತಣ್ಣಗಾಗುತ್ತದೆ. ಅಷ್ಟು ತಣ್ಣಗಿಟ್ಟರೆ ಹವಳಕ್ಕಾಗದು, ಹವಳಕ್ಕೆ ಹೊಂದಿಸಿದರೆ ಮೀನಿಗೆ ಬೆಚ್ಚಗಾಗುತ್ತದೆ. ಏಪ್ರಿಲ್ ತಿಂಗಳ ಕೊಯಮತ್ತೂರಿನಲ್ಲಿ ಕರೆಂಟು ಹೋಗಿ ಚಿಲ್ಲರ್ ಒಂದು ಮಧ್ಯಾಹ್ನ ಕೈಕೊಟ್ಟರೆ ಈ ವಾದವೂ ಮುಗಿದಂತೆ, ಟ್ಯಾಂಕೂ ಮುಗಿದಂತೆ. 2012ರಲ್ಲಿ ದಿನಕ್ಕೆ ಹತ್ತು ಹನ್ನೆರಡು ತಾಸು ಕರೆಂಟಿಲ್ಲದೆ ಇಲ್ಲಿನ ಕಾರ್ಖಾನೆಗಳೇ ಬಾಗಿಲು ಹಾಕಿಕೊಂಡು ಕೂತದ್ದು ಹಳಬರಿಗೆ ನೆನಪಿದೆ. ಎರಡು ಬೇರೆ ಬೇರೆ ಕಡಲುಗಳನ್ನು ಒಂದೇ ಗಾಜಿನ ಪೆಟ್ಟಿಗೆಗೆ ತುರುಕಿ ಅದಕ್ಕೆ ‘ರೀಫ್’ ಎಂದು ಹೆಸರಿಡುವುದಕ್ಕೆ ಕಲೆ ಅನ್ನಬೇಕೋ, ದಡ್ಡತನ ಅನ್ನಬೇಕೋ?

ಇದು ಮನೆಗೆ ಬಂದ ಮೇಲಿನ ಕತೆ. ಬರುವ ದಾರಿಯ ಕತೆ ಇನ್ನೂ ಘೋರ. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ತೊಂಬತ್ತು ಮೀಟರ್ ಕೆಳಗೆ ಮೀನು ತಡೆದುಕೊಂಡಿರುವುದು ಹತ್ತು ವಾಯುಭಾರ. ಮೇಲೆ ನಮ್ಮ ನೆಲದಲ್ಲಿ ಒಂದೇ ಒಂದು. ಮೀನಿನ ಹೊಟ್ಟೆಯೊಳಗೆ ತೇಲುವ ಚೀಲವೊಂದಿದೆ, ಅದರೊಳಗೆ ಗಾಳಿ. ಒತ್ತಡ ಹತ್ತರಿಂದ ಒಂದಕ್ಕೆ ಇಳಿದರೆ ಆ ಗಾಳಿ ಹತ್ತು ಪಟ್ಟು ಹಿಗ್ಗುತ್ತದೆ. ಆಂಥಿಯಾಸ್‌ನಂಥ ಮೀನುಗಳಿಗೆ ಆ ಚೀಲದಿಂದ ಬಾಯಿಗೆ ಬರುವ ನಾಳವಿಲ್ಲ. ಗಾಳಿ ರಕ್ತದ ಮೂಲಕವೇ ನಿಧಾನವಾಗಿ ಕರಗಿ ಹೋಗಬೇಕು. ಅವಸರವಾಗಿ ಎಳೆದರೆ ಹೊಟ್ಟೆ ಉಬ್ಬುತ್ತದೆ, ಕಣ್ಣು ಹೊರಬರುತ್ತದೆ, ಕರುಳು ಗುದದ್ವಾರದಿಂದ ಇಣುಕುತ್ತದೆ. ಅದಕ್ಕೊಂದು ‘ಉಪಾಯ’ವೂ ಉಂಟು. ಸಿರಿಂಜಿನ ಸೂಜಿಯನ್ನು ಪಕ್ಕೆಯಿಂದ ಒಳಗೆ ಚುಚ್ಚಿ ಗಾಳಿ ಬಿಡುವುದು. ಸೂಜಿ ಚೀಲಕ್ಕೇ ಹೋಯಿತೋ, ಪಕ್ಕದ ಅಂಗಕ್ಕೆ ಹೋಯಿತೋ, ಗಾಯ ಕೀವಾಯಿತೋ ಎಂಬುದು ವಾರ ಕಳೆದ ಮೇಲೆ ತಿಳಿಯುತ್ತದೆ. ಅಷ್ಟರಲ್ಲಿ ಮೀನು ಮೂರು ಕೈ ಬದಲಾಯಿಸಿರುತ್ತದೆ. ಹಿಡಿದವನ ಲೆಕ್ಕದಲ್ಲಿ ಅದು ಬದುಕಿತ್ತು, ರಫ್ತುದಾರನ ಲೆಕ್ಕದಲ್ಲೂ ಬದುಕಿತ್ತು. ಸತ್ತದ್ದು ಮಾತ್ರ ‘ನಿಮ್ಮ ನೀರಿನ ದೋಷ’.

ಹಿಡಿಯುವವನ ಗತಿಯನ್ನೂ ನೋಡಿ. ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಕಡೆ ದೋಣಿಯ ಮೇಲಿನ ಕಂಪ್ರೆಸರಿನಿಂದ ಉದ್ದನೆಯ ಪ್ಲಾಸ್ಟಿಕ್ ಪೈಪು ಬಾಯಿಗಿಟ್ಟುಕೊಂಡು ಮುಳುಗುವವರಿದ್ದಾರೆ. ಆಳದಲ್ಲಿ ಹೆಚ್ಚು ಹೊತ್ತು ನಿಂತು ಬೇಗ ಮೇಲೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಕಟ್ಟಿ ಕೈಕಾಲು ಬಿದ್ದುಹೋಗುತ್ತವೆ. ಅಂಥವರು ಆ ಹಳ್ಳಿಗಳಲ್ಲಿ ಅಪರೂಪವಲ್ಲ. ಒತ್ತಡ ಇಳಿದ ಪೆಟ್ಟು ಮೀನಿಗೂ ಬಿತ್ತು, ಮೀನು ಹಿಡಿದವನಿಗೂ ಬಿತ್ತು. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಲ್ಲಿ ಶುರುವಾದ ಇನ್ನೊಂದು ವಿದ್ಯೆ ಸಯನೈಡ್. ಸಂದಿಯಲ್ಲಿ ಅಡಗಿದ ಮೀನಿನ ಮೇಲೆ ಚಿಮ್ಮಿಸಿದರೆ ಅದು ಮಂಕಾಗಿ ಕೈಗೆ ಬರುತ್ತದೆ. ಸುತ್ತಲಿನ ಹವಳ ಸತ್ತರೆ ಕೇಳುವವರಾರು? ಕೊಯಮತ್ತೂರಿನ ಪೀಳಮೇಡಿನ ಹಾಲ್‌ನಲ್ಲಿ ಕೂತು ‘ನಾನು ಕಡಲನ್ನು ಪ್ರೀತಿಸುತ್ತೇನೆ’ ಎನ್ನುವವರು ಈ ಬಿಲ್ಲಿನಲ್ಲಿ ತಮ್ಮ ಪಾಲೆಷ್ಟು ಎಂದು ಒಮ್ಮೆಯಾದರೂ ಲೆಕ್ಕ ಹಾಕಲಿ.

ಆಮೇಲೆ ಪ್ಲಾಸ್ಟಿಕ್ ಚೀಲದ ಪಯಣ. ಒಂದಿಷ್ಟು ನೀರು, ಮೇಲೆ ಆಮ್ಲಜನಕ, ವಿಮಾನ, ಗೋದಾಮು, ರಾತ್ರಿ ಬಸ್ಸಿನ ಪಾರ್ಸಲ್. ಚೀಲದಲ್ಲಿ ಮೀನು ಉಸಿರಾಡಿದಷ್ಟೂ ಇಂಗಾಲದ ಡೈಆಕ್ಸೈಡ್ ಸೇರಿ ನೀರು ಆಮ್ಲದ ಕಡೆ ವಾಲುತ್ತದೆ. ಹಾಗೆ ವಾಲಿದ್ದಕ್ಕೇ ಅದೇ ಮೀನು ಬಿಟ್ಟ ಅಮೋನಿಯಾದ ವಿಷ ಅಡಗಿ ಕೂತಿರುತ್ತದೆ. ಮನೆಗೆ ತಂದು ಚೀಲದ ಬಾಯಿ ಬಿಚ್ಚಿದೊಡನೆ ಗಾಳಿಯಾಡಿ ನೀರಿನ ಗುಣ ಬದಲಾಗುತ್ತದೆ, ಅಡಗಿದ್ದ ವಿಷ ಏಳುತ್ತದೆ. ಬರಮಾಡಿಕೊಂಡ ಕ್ಷಣವೇ ಕಿವಿರು ಸುಡಲು ಶುರು. ಇಷ್ಟೆಲ್ಲ ದಾಟಿ ಬಂದ ಮೀನನ್ನು ನೋಡಿ ನಾವು ‘ಬಹಳ ನಾಜೂಕಿನ ಜಾತಿ ಸಾರ್’ ಎನ್ನುತ್ತೇವೆ. ತೊಂಬತ್ತು ಮೀಟರಿನಿಂದ ಎಳೆದು, ಸೂಜಿ ಚುಚ್ಚಿ, ಎರಡು ದಿನ ಚೀಲದಲ್ಲಿ ಕಟ್ಟಿಟ್ಟರೆ ನೀವು ಎಷ್ಟು ಗಟ್ಟಿ ಜಾತಿಯಾಗಿರುತ್ತಿದ್ದಿರಿ?

ಇಲ್ಲಿನ ದೇವಾಂಗರ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಅಂಥ ಮನೆಯೊಂದರಲ್ಲಿ, ಮಗ್ಗ ಹೋಗಿ ವ್ಯಾಪಾರ ಬಂದ ಮನೆ, ಆರಡಿ ಟ್ಯಾಂಕಿನ ಮುಂದೆ ನಿಂತಿದ್ದೆ. ಆಂಥಿಯಾಸ್ ಒಂದಿತ್ತು. ಬಾಲ ಮೇಲೆ, ತಲೆ ಕೆಳಗೆ. ಎರಡು ರೆಕ್ಕೆಗಳನ್ನೂ ಬಿಡುವಿಲ್ಲದೆ ಬಡಿಯುತ್ತಿತ್ತು. ಬಡಿಯುವುದು ನಿಲ್ಲಿಸಿದರೆ ಮೈ ತಾನಾಗಿ ಮೇಲಕ್ಕೆ ತೇಲುತ್ತಿತ್ತು, ಮತ್ತೆ ಬಡಿದು ಕೆಳಗಿಳಿಯುತ್ತಿತ್ತು. ಹೊಟ್ಟೆಯಲ್ಲಿ ಗಾಳಿ ಇನ್ನೂ ಉಳಿದಿರುವ ಮೀನಿನ ಲಕ್ಷಣ ಇದು. ಮನೆಯಾತ ಹೆಮ್ಮೆಯಿಂದ ಹೇಳಿದ: ‘ಹೋದ ಸಲ ತಂದಿದ್ದು ಹೋಯ್ತಣ್ಣಾ, ಇದು ಗಟ್ಟಿ ಇದೆ, ತಿಂತಾ ಇದೆ ನೋಡಿ.’ ಹಿಮ ಕಟ್ಟಿಸಿದ ಸೀಗಡಿ ಮರಿಯೊಂದನ್ನು ಅದು ಬಾಯಿಗೆ ಹಾಕಿಕೊಂಡದ್ದು ನಿಜ. ಒಂದು ಕ್ಷಣ ಬಿಟ್ಟು ಉಗುಳಿದ್ದೂ ನಿಜ. ಎರಡನೆಯದನ್ನು ಆತ ನೋಡಲಿಲ್ಲ.

‘ತಿಂತಾ ಇದೆ.’ ಈ ಹವ್ಯಾಸದಲ್ಲಿ ಯಶಸ್ಸಿನ ಅಳತೆಗೋಲು ಇಷ್ಟೇ. ಕಡಲಿನಲ್ಲಿ ಆಂಥಿಯಾಸ್ ಬೆಳಗಿನಿಂದ ಸಂಜೆಯವರೆಗೆ ಹರಿವಿನ ಎದುರು ನಿಂತು ತೇಲಿಬರುವ ಸಣ್ಣ ಜೀವಿಗಳನ್ನು ಒಂದೊಂದಾಗಿ ಹೆಕ್ಕುತ್ತದೆ. ನಾವು ಮಿಲ್ಲಿಗೋ ಆಫೀಸಿಗೋ ಹೋಗುವ ಮೊದಲು ಒಂದು ಚಿಟಿಕೆ, ಬಂದ ಮೇಲೆ ಒಂದು ಚಿಟಿಕೆ ಹಾಕುತ್ತೇವೆ. ಹೆಚ್ಚು ಸಲ ಹಾಕಿದರೆ ನೀರು ಕೆಡುತ್ತದೆ, ನೀರು ಕೆಟ್ಟರೆ ಹವಳ ಸಾಯುತ್ತದೆ. ಅಲ್ಲಿಗೆ ಹಳೆಯ ಜಗಳಕ್ಕೇ ಬಂದು ನಿಂತೆವು. ಕಡಲಿನಲ್ಲಿ ಅದು ಗುಂಪಿನ ಜೀವಿ, ಒಂದು ಗಂಡಿಗೆ ಹಲವು ಹೆಣ್ಣು. ಗಂಡು ಸತ್ತರೆ ದೊಡ್ಡ ಹೆಣ್ಣೊಂದು ಗಂಡಾಗಿ ಬದಲಾಗುತ್ತದೆ. ಇಂಥ ಕುಟುಂಬವನ್ನು ಕಟ್ಟಿಕೊಂಡ ಪ್ರಾಣಿಯನ್ನು ಬಿಡಿಬಿಡಿಯಾಗಿ, ಬಣ್ಣ ಚೆನ್ನಾಗಿದೆಯೆಂದು ಗಂಡನ್ನಷ್ಟೇ ಆರಿಸಿ ಮಾರುತ್ತಾರೆ. ಒಂಟಿ ಗಂಡಿನ ಬಣ್ಣ ತಿಂಗಳುಗಳಲ್ಲಿ ಮಾಸುತ್ತದೆ. ಆರು ತಿಂಗಳು ಬದುಕಿದರೆ ಹಬ್ಬ! ಎಷ್ಟು ಬಂದವು, ಎಷ್ಟು ಉಳಿದವು ಎಂಬ ಪುಸ್ತಕ ಯಾವ ಅಂಗಡಿಯಲ್ಲಿದೆ? ಯಾವ ಹವ್ಯಾಸಿಯ ಮನೆಯಲ್ಲಿದೆ? ಸತ್ತ ಮೀನಿನ ಫೋಟೋ ಯಾರೂ ತೆಗೆಯುವುದಿಲ್ಲ. ಹಾಗಾಗಿ ನಾವು ನೋಡುವುದೆಲ್ಲ ಬದುಕಿದ ಮೀನಿನ ಫೋಟೋಗಳನ್ನೇ. ಅವುಗಳನ್ನು ನೋಡಿಯೇ ಮುಂದಿನವನು ಕೊಳ್ಳುತ್ತಾನೆ.

ಈಗ ಸಮರ್ಥನೆಗಳ ಮೆರವಣಿಗೆ. ಮೊದಲನೆಯದು: ‘ನಾನು ಹಿಡಿಯಲಿಲ್ಲವಲ್ಲ, ಅಂಗಡಿಗೆ ಆಗಲೇ ಬಂದಿತ್ತು, ನಾನು ಕೊಂಡು ಕಾಪಾಡಿದೆ.’ ನೀವು ಬರಿದು ಮಾಡಿದ ತೊಟ್ಟಿಯನ್ನು ಅಂಗಡಿಯವನು ಖಾಲಿ ಇಟ್ಟುಕೊಂಡು ಕೂರುತ್ತಾನೆಯೇ? ನೀವು ಕೊಟ್ಟ ದುಡ್ಡೇ ಮುಂದಿನ ಮೀನಿನ ಆರ್ಡರು. ಎರಡನೆಯದು: ‘ಮಕ್ಕಳಿಗೆ ಪ್ರಕೃತಿ ಪ್ರೀತಿ ಬರುತ್ತದೆ.’ ಬರುವುದು ಇದಿಷ್ಟೇ: ಚೆಂದದ್ದು ಕಂಡರೆ ಕೊಳ್ಳಬಹುದು, ಸತ್ತರೆ ಇನ್ನೊಂದು ತರಬಹುದು. ಮೂರನೆಯದು, ಎಲ್ಲಕ್ಕಿಂತ ಜೋರಿನದು: ‘ನೀವು ಮೀನು ತಿನ್ನುವುದಿಲ್ಲವೋ?’ ತಿನ್ನುತ್ತೇವೆ. ಉಕ್ಕಡಂ ಮೀನು ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಬೂತಾಯಿ, ಬಂಗುಡೆ ಕೊಂಡವರು ಆ ಮೀನನ್ನು ಪ್ರೀತಿಸುತ್ತೇವೆ, ಸಂರಕ್ಷಿಸುತ್ತೇವೆ ಎಂದು ಭಾಷಣ ಬಿಗಿಯುವುದಿಲ್ಲ. ಅದು ಊಟ, ಅಷ್ಟೇ. ಬೂತಾಯಿ ಹೊಟ್ಟೆಗೆ ಬೇಕು. ಆಂಥಿಯಾಸ್ ಯಾವ ಹಸಿವಿಗೆ?

ನಾಲ್ಕನೆಯ ಸಮರ್ಥನೆ ಸ್ವಲ್ಪ ಮರ್ಯಾದಸ್ಥರದು. ಅಪರೂಪದ ಮೀನುಗಳನ್ನು ಸಾಕಿಯೇ ಅವುಗಳ ಬಗ್ಗೆ ತಿಳಿವಳಿಕೆ ಬೆಳೆಯಿತು ಎನ್ನುತ್ತಾರೆ. ಕುಕ್ ದ್ವೀಪಗಳ ರಾರೊಟೊಂಗಾದ ಆಳದಲ್ಲಿರುವ ಪೆಪ್ಪರ್‌ಮಿಂಟ್ ಏಂಜೆಲ್ ಮೀನಿನ ಉದಾಹರಣೆ ಕೊಡುತ್ತಾರೆ. ವಿಜ್ಞಾನ ಅದಕ್ಕೆ ಹೆಸರಿಟ್ಟದ್ದು 1992ರಲ್ಲಿ. 2012ರಲ್ಲಿ ಹವಾಯಿಯ ವೈಕಿಕಿ ಅಕ್ವೇರಿಯಂನಲ್ಲಿ ಒಂದನ್ನು ಪ್ರದರ್ಶನಕ್ಕಿಟ್ಟಾಗ ಅದರ ಬೆಲೆ 30,000 ಡಾಲರ್ ಎಂದು ಸುದ್ದಿಯಾಯಿತು. ಸರಿ, ಆ ಸುದ್ದಿಯಿಂದ ಜನಕ್ಕೆ ನೆನಪಿರುವುದೇನು? ಅದು ಏನು ತಿನ್ನುತ್ತದೆ, ಹೇಗೆ ಮರಿ ಮಾಡುತ್ತದೆ ಎಂಬುದೇ? ಇಲ್ಲ, 30,000 ಡಾಲರ್. ಅದು ಇದ್ದದ್ದು ವಿಜ್ಞಾನಿಗಳ ಕೈಯಲ್ಲಿ, ತಜ್ಞ ಪಾಲಕರ ನಡುವೆ. ಅದೇ ಹೆಸರು ಹೇಳಿಕೊಂಡು ರೇಸ್ ಕೋರ್ಸ್ ರಸ್ತೆಯ ಫ್ಲಾಟಿನಲ್ಲಿ ಆಂಥಿಯಾಸ್ ಸಾಯಿಸುವುದು ಸಂಶೋಧನೆ ಆಗುತ್ತದೆಯೇ?

ಪ್ರಮಾಣ ಸಣ್ಣದೆಂದು ತಳ್ಳಿಹಾಕುವವರೂ ಇದ್ದಾರೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯೊಂದು ಈ ವ್ಯಾಪಾರವನ್ನು ಅಳೆದು ನೋಡಿತು. ವರ್ಷಕ್ಕೆ ಎರಡು ಕೋಟಿಯಿಂದ 2.4 ಕೋಟಿಯವರೆಗೆ ಕಡಲ ಮೀನು, 1,471 ಜಾತಿ. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಕೊಳದಲ್ಲಿ ಹುಟ್ಟಿ ಬೆಳೆದವು. ಚೆನ್ನೈನ ಕೊಳತ್ತೂರಿನ ಬೀದಿಗಳೇ ಅದಕ್ಕೆ ಸಾಕ್ಷಿ. ಕಡಲಿನವುಗಳ ಕತೆ ತಿರುಗುಮುರುಗು, ಹೆಚ್ಚಿನವು ದಿಬ್ಬದಿಂದ ಎತ್ತಿ ತಂದವು. ಹವಾಯಿಯಲ್ಲಿ ಜನ ಕೋರ್ಟಿಗೆ ಹೋಗಿ, ಪರಿಸರ ಪರಿಶೀಲನೆ ಇಲ್ಲದೆ ಅಕ್ವೇರಿಯಂ ಮೀನು ಹಿಡಿಯಲು ಪರವಾನಗಿ ಕೊಡಬೇಡಿ ಎಂದು 2017ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಿಂದ ಹೇಳಿಸಿದರು.

ಅದೇ ವರ್ಷ ನಮ್ಮಲ್ಲಿ? 2017ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ತಂದಿತು, 158 ಜಾತಿಗಳ ಮಾರಾಟ, ಪ್ರದರ್ಶನ ಬೇಡವೆಂದಿತು. ಕರಡು ಬರೆದವರಿಗೆ ವಿಷಯ ಗೊತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಸಾಕಣೆಯಲ್ಲಿ ಹುಟ್ಟುವ ಕ್ಲೌನ್ ಮೀನನ್ನೂ ಅದೇ ಪಟ್ಟಿಗೆ ಎಸೆದಿದ್ದರು. ವ್ಯಾಪಾರಿಗಳು ಗದ್ದಲ ಎಬ್ಬಿಸಿದರು, ಸರ್ಕಾರ ಬೇಗನೆ ನಿಯಮವನ್ನೇ ಹಿಂದೆಗೆದುಕೊಂಡಿತು. ತಿದ್ದಬೇಕಿದ್ದದ್ದನ್ನು ಹರಿದು ಬಿಸಾಡಿದರು. ಈಗಿನ ಸ್ಥಿತಿ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2001ರಲ್ಲಿ ಹವಳಗಳು, ಕಡಲ ಕುದುರೆಗಳು ಸೇರಿದವು. ಮನ್ನಾರ್ ಕೊಲ್ಲಿಯಿಂದ ಒಂದು ಹವಳದ ಕೊಂಬೆ ಮುರಿದು ತಂದರೆ ಮೂರರಿಂದ ಏಳು ವರ್ಷ ಜೈಲು. ಆ ಕೊಂಬೆಯ ನೆರಳಲ್ಲಿದ್ದ ಮೀನನ್ನು ಹಿಡಿದು ಸೂಜಿ ಚುಚ್ಚಿ ಮಾರಿದರೆ ರಸೀದಿ ಕೊಡುತ್ತಾರೆ. ಇದು ಸಂರಕ್ಷಣೆಯೇ?

ಇದೆಲ್ಲ ನಡೆಯುತ್ತಿರುವುದು ಎಂಥ ನೆಲದಲ್ಲಿ ಎಂಬುದನ್ನು ಮರೆಯಬಾರದು. ವೆಳ್ಳಿಯಂಗಿರಿ ಬೆಟ್ಟದಿಂದ ಇಳಿದು ಕೊಯಮತ್ತೂರು, ತಿರುಪ್ಪೂರು ಹಾಯ್ದು ಹೋಗುವ ನೊಯ್ಯಲ್ ನದಿಗೆ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು ದಶಕಗಟ್ಟಲೆ ಉಪ್ಪು, ಬಣ್ಣ ಸುರಿದವು. 1992ರಲ್ಲಿ ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನ ನೀರನ್ನು ನಮ್ಮ ಹೊಲಕ್ಕೆ ಬಿಡಬೇಡಿ ಎಂದು ರೈತರೇ ಬೇಡಿಕೊಳ್ಳುವ ಸ್ಥಿತಿ ಬಂತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಏಳುನೂರಕ್ಕೂ ಹೆಚ್ಚು ಘಟಕಗಳಿಗೆ ಬೀಗ ಹಾಕಿಸಿದ ಮೇಲೆಯೇ ಹನಿ ಕೊಳೆನೀರನ್ನೂ ಹೊರಬಿಡದ ‘ಶೂನ್ಯ ವಿಸರ್ಜನೆ’ಯ ಮಾತು ಕಾರ್ಖಾನೆಯ ಗೇಟಿನೊಳಗೆ ಹೋದದ್ದು. ಉಪ್ಪು ಏನು ಮಾಡುತ್ತದೆ ಎಂಬುದನ್ನು ಈ ಜಿಲ್ಲೆಗಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಬೇಸಿಗೆಯಲ್ಲಿ ಊರಿಗೆ ಕುಡಿಯುವ ನೀರು ಕೊಡುವ ಸಿರುವಾಣಿ ಅಣೆಕಟ್ಟಿನ ಮಟ್ಟ ಪತ್ರಿಕೆಯ ಸುದ್ದಿಯಾಗುವಾಗ, ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಚರಂಡಿಗೆ ಬಿಡುವ ಆರ್‌ಒ ಯಂತ್ರವನ್ನು ಮೀನಿನ ಟ್ಯಾಂಕಿಗಾಗಿ ಓಡಿಸುತ್ತೇವೆ. ಬದಲಾಯಿಸಿದ ಉಪ್ಪುನೀರನ್ನು ಬಾತ್‌ರೂಮಿನ ಮೋರಿಗೆ ಸುರಿಯುತ್ತೇವೆ. ಬಣ್ಣದ ಕಾರ್ಖಾನೆಯ ಮುಂದೆ ಇದು ಹನಿ ಎಂದು ಗೊತ್ತು. ಆದರೆ ಕಡಲ ಪ್ರೇಮಿ ತನ್ನ ಹನಿಗೂ ಲೆಕ್ಕ ಕೊಡಬೇಡವೇ? ಹತ್ತಿರದ ಮೋಯಾರ್ ನದಿಯಲ್ಲಿ, ಕಾವೇರಿ ಸೀಮೆಯಲ್ಲಿ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಅಳಿವಿನಂಚಿನಲ್ಲಿದೆ. ಶಾಂತ ಸಾಗರದ ನೂರು ಮೀಟರ್ ಆಳದ ಮೀನಿನ ಲ್ಯಾಟಿನ್ ಹೆಸರು ಬಾಯಿಪಾಠ ಇರುವವರಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದಾರೆ?

ಹಾಗಾದರೆ ಹವ್ಯಾಸವನ್ನೇ ಬಿಡಬೇಕೋ ಎಂದರೆ, ಆಳದ ಮೀನನ್ನು ಬಿಡಿ, ಅದರ ಜೊತೆಗೆ ಆ ಜಂಬವನ್ನೂ ಬಿಡಿ. ದಾರಿ ಇದೆ, ಬಹಳ ದೂರದಲ್ಲೂ ಇಲ್ಲ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಮಂಟಪಂ, ವಿಳಿಞ್ಞಂ ಕೇಂದ್ರಗಳಲ್ಲಿ ಕ್ಲೌನ್ ಮೀನು, ಡ್ಯಾಮ್ಸೆಲ್‌ಗಳನ್ನು ಮರಿಮಾಡಿಸಿ ತೋರಿಸಿದೆ. ಅದಕ್ಕಿಂತ ಮುಖ್ಯವಾದ ಸುದ್ದಿ, ವಿಳಿಞ್ಞಂನಲ್ಲಿ ಆಂಥಿಯಾಸ್ ಕುಲದ್ದೇ ಆದ ಮಾರ್ಸಿಯಾಸ್ ಆಂಥಿಯಾಸ್ ಎಂಬ ಮೀನನ್ನು ತೊಟ್ಟಿಯಲ್ಲಿ ಮರಿಮಾಡಿಸಿ, ಮರಿಗಳನ್ನು ಬೆಳೆಸಿದ್ದಾರೆ. ಕೊಯಮತ್ತೂರಿನಿಂದ ಒಂದು ರಾತ್ರಿಯ ರೈಲು ಪ್ರಯಾಣ. ಲಕ್ಷದ್ವೀಪದ ಅಗತ್ತಿಯಲ್ಲಿ ದ್ವೀಪದ ಹೆಂಗಸರು ಅಲಂಕಾರಿಕ ಸೀಗಡಿ ಬೆಳೆಸುವುದನ್ನು ಕಲಿತಿದ್ದಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗೆ ಅದಕ್ಕಿಂತ ಸಣ್ಣ ಜೀವಂತ ಆಹಾರವನ್ನು ಹಗಲು ರಾತ್ರಿ ಒದಗಿಸುವುದೇ ಮರಿ ಬೆಳೆಸುವ ಈ ಕೆಲಸದ ಕಷ್ಟ. ನೀರು ಹರಿಸುವ, ಸೋಸುವ, ತಣಿಸುವ, ಅಳೆದು ಸುರಿಯುವ ಯಂತ್ರಗಳ ಕಷ್ಟವೂ ಅದರಲ್ಲಿ ಅರ್ಧ. ಪಂಪಿನ ಊರಿನವರು ನಿಮ್ಮ ಕೈಚಳಕವನ್ನು ತೋರಿಸಬೇಕಾದ ಜಾಗ ಇದು. ಒಂದು ಸೆರೆಮೀನನ್ನು ಆರು ತಿಂಗಳು ಎಳೆದಾಡಿಸಿದ್ದಕ್ಕೆ ಬೆನ್ನು ತಟ್ಟಿಸಿಕೊಳ್ಳುವ ಜಾಗ ಅಲ್ಲ.

ಮೀನುಗಾರಿಕೆ ಇಲಾಖೆಗಳು, ತಮಿಳುನಾಡಿನದೂ ಕರ್ನಾಟಕದ್ದೂ, ಇನ್ನು ನೆಪ ಹೇಳುವುದು ಸಾಕು. ಕಡಲ ಮೀನು ಮಾರುವ ಪ್ರತಿ ಅಂಗಡಿಯ ತೊಟ್ಟಿಯ ಮೇಲೂ ಸಾಕಣೆಯದೋ ಕಡಲಿನದೋ, ಯಾವ ದೇಶದ್ದು, ಯಾವ ಆಳದ್ದು ಎಂದು ಬರೆಯಿಸಿ. ಬಂದವೆಷ್ಟು, ಸತ್ತವೆಷ್ಟು ಎಂಬ ರಿಜಿಸ್ಟರ್ ಇಡಿಸಿ, ಇಲ್ಲದಿದ್ದರೆ ಪರವಾನಗಿ ಕೊಡಬೇಡಿ. ಮಬ್ಬು ಬೆಳಕಿನ ಆಳದಿಂದ ಹಿಡಿದ ಮೀನಿನ ಆಮದನ್ನು ಮನೆ ಹವ್ಯಾಸಕ್ಕೆ ಪೂರ್ತಿ ನಿಲ್ಲಿಸಿ. 2017ರ ನಿಯಮವನ್ನು ಮತ್ತೆ ಕೈಗೆತ್ತಿಕೊಂಡು, ಮೀನು ಬಲ್ಲವರನ್ನು ಕೂರಿಸಿ, ತಿದ್ದಿ ತನ್ನಿ. ಟ್ಯಾಂಕಿಗೆ ಬಹುಮಾನ ಕೊಡುವ ಹವ್ಯಾಸಿ ಕೂಟಗಳೇ, ಕಡಲಿನಿಂದ ಹಿಡಿದು ತಂದ ಮೀನು ಕಂಡಲ್ಲಿ ಸೊನ್ನೆ ಅಂಕ ಕೊಡಿ. ಚೆಂದ ನೋಡಿ ಬೇಡ, ಮೂಲ ಕೇಳಿ ಕೊಡಿ. ಹವ್ಯಾಸಿಗಳೇ, ‘ಹೊಸ ಡೀಪ್‌ವಾಟರ್ ಪೀಸ್ ಬಂದಿದೆ ಸಾರ್, ಒಂದೇ ಇದೆ’ ಎಂದು ಅಂಗಡಿಯಿಂದ ಫೋನ್ ಬಂದಾಗ ಎಷ್ಟು ಮೀಟರಿನದು, ಯಾರು ಹಿಡಿದದ್ದು, ಎಷ್ಟು ಹೊತ್ತಿನಲ್ಲಿ ಮೇಲೆ ತಂದದ್ದು, ಜೊತೆಗೆ ಬಂದವು ಎಷ್ಟು ಸತ್ತವು ಎಂದು ಕೇಳಿ. ನಾಲ್ಕಕ್ಕೂ ಉತ್ತರ ಬರುವವರೆಗೆ ದುಡ್ಡು ಜೇಬಿನಲ್ಲೇ ಇರಲಿ.